ಅಪ್‌ಡೇಟ್: ಆ ಹಿತ್ತಾಳೆ ಫ್ರೇಮಿನ ರಿವಾಲ್ವರ್ ಬಿಟ್ಟುಬಂದೆ

ಹೋದ ತಿಂಗಳು ಕೇಳಿದ್ದೆನಲ್ಲ, ಇಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬರು ಕೋಲ್ಟ್ ಕಂಪನಿಯ ಹಳೇ 1851 ನೇವಿ ಮಾದರಿಯ ನಕಲು, ಕರಿಮದ್ದಿನ ರಿವಾಲ್ವರ್, 250 ಡಾಲರ್‌ಗೆ ಮಾರುತ್ತಿದ್ದಾರೆ, ತಗೊಳ್ಳಲಾ ಅಂತ. "ಸಿಲಿಂಡರ್ (ಮದ್ದುಗುಂಡು ತುಂಬುವ, ತಿರುಗುವ ಭಾಗ) ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ಶನಿವಾರ ಹೋಗಿದ್ದೆ.

"ತುಂಬಾ ಹಳೇದು ಇದು" ಅಂದರು ಮಾರುವವರು. ಫ್ರೇಮಿನ ಮೇಲೆ ಪುಟ್ಟ ಚೌಕದಲ್ಲಿ CM ಅಂತ ಅಚ್ಚಿತ್ತು. ಇಟಲಿಯಲ್ಲಿ ಬಂದೂಕುಗಳ ಮೇಲೆ ಒತ್ತುವ ವರ್ಷದ ಗುರುತಿನಲ್ಲಿ ಅದು 2014! ಕ್ಯಾಲಿಬರ್ (ಗುಂಡಿನ ಅಳತೆ, ಇಂಚಿನಲ್ಲಿ) ಬೇರೆ .44. ಅಸಲಿ ನೇವಿ .36 ಅಲ್ವಾ?

ಅದನ್ನಾದರೂ ಸಹಿಸಬಹುದಿತ್ತು. ಸಿಲಿಂಡರ್ ತೆಗೆದಾಗ ಅದರ ಹಿಂದಿನ ಹಿತ್ತಾಳೆಯಲ್ಲಿ ಉಂಗುರದಂತೆ ಒತ್ತಿದ ಗುರುತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಯಾರೋ ಮದ್ದು ಜಾಸ್ತಿ ತುಂಬಿ ಹೊಡೆದಿದ್ದಾರೆ, ಮೆತ್ತನೆಯ ಹಿತ್ತಾಳೆ ತಾಳಿಲ್ಲ. ಬ್ಯಾರೆಲನ್ನು ಹಿಡಿದಿಡುವ ಬೆಣೆ (ವೆಡ್ಜ್) ಬಿಗಿದರೂ ಬ್ಯಾರೆಲ್ ಅಲುಗಾಡುತ್ತಿತ್ತು. ಹೊರಗೆ ಮಾತ್ರ ಫಳಫಳ.

ಕೊನೆಗೆ ಬೇರೊಬ್ಬರ ಹತ್ತಿರ ಉಕ್ಕಿನ ಫ್ರೇಮಿನ 1858 ರೆಮಿಂಗ್ಟನ್ ನಕಲು ಸಿಕ್ಕಿತು, 220ಕ್ಕೆ. ಸಿಲಿಂಡರಿನ ಒಂದು ಚೇಂಬರ್‌ನಲ್ಲಿ (ಮದ್ದು ತುಂಬುವ ತೂತು) ಸ್ವಲ್ಪ ತುಕ್ಕಿದೆ, ಕಿಡಿ ಹೊತ್ತಿಸುವ ಕ್ಯಾಪ್ ಕೂರುವ ನಿಪ್ಪಲ್‌ಗಳನ್ನು ಬದಲಿಸಬೇಕು. ಅದನ್ನೇ ತೋರಿಸಿ 30 ಡಾಲರ್ ಇಳಿಸಿದೆ. ಅದನ್ನು ಸೋಪು ಬಿಸಿನೀರಿನಲ್ಲಿ ತೊಳೆಯಲು ಅಡುಗೆಮನೆ ಸಿಂಕ್ ಕೇಳಿದೆ. ಹೆಂಡತಿ ಬಕೆಟ್ ಕೊಟ್ಟು ಗ್ಯಾರೇಜಿಗೆ ಕಳಿಸಿದಳು.