ಅಪ್‌ಡೇಟ್: ಗಿಟಾರ್ ಟೋನ್ ಈಗ ಎಲ್ಲ ಸ್ಪೀಕರ್‌ನಲ್ಲೂ ಹತ್ತಿರಹತ್ತಿರ ಒಂದೇ ಥರ

ಮಡಿಕೇರಿ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡೆಲರ್‌ನಲ್ಲಿ (ಆಂಪ್, ಸ್ಪೀಕರ್ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನ) ಮಾಡಿದ ಟೋನ್ ವಿರಾಜಪೇಟೆಯ ಮದುವೆ ಹಾಲ್‌ನ ಪಿಎನಲ್ಲಿ (ಹಾಲ್‌ಗೆಲ್ಲ ಕೇಳಿಸುವ ದೊಡ್ಡ ಸ್ಪೀಕರ್ ಸೆಟ್) ಕಿವಿ ಚುಚ್ಚುತ್ತದೆ, ಗೆಳೆಯನ ಗಿಟಾರ್ ಆಂಪ್‌ನಲ್ಲಿ ಮಂಕಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆಂಪ್ ವಿಷಯ ಬೇಗ ಮುಗಿಯಿತು. ಮಾಡೆಲರ್‌ನ ಕ್ಯಾಬ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್ ಸದ್ದಿನ ಅನುಕರಣೆ) ಆಫ್ ಮಾಡಿ, ಕೇಬಲನ್ನು ಆಂಪ್‌ನ ಎಫೆಕ್ಟ್ಸ್ ರಿಟರ್ನ್‌ಗೆ (ಆಂಪ್‌ನ ಟೋನ್ ಭಾಗ ಬಿಟ್ಟು ನೇರ ಪವರ್ ಭಾಗಕ್ಕೆ ಹೋಗುವ ಜ್ಯಾಕ್) ಹಾಕಿದೆ. ಮಂಕು ಹೋಯಿತು.

ಪಿಎ ಕಡೆಯದೇ ನಿಜವಾದ ಕೆಲಸ. ಸೌಂಡ್ ಸಣ್ಣದಿದ್ದಾಗ ನಮ್ಮ ಕಿವಿಗೆ ಬಾಸ್ ತುಂಬಾ ಕಡಿಮೆ ಕೇಳುತ್ತದೆ, ತೀರಾ ಮೇಲಿನ ಟ್ರೆಬಲ್ ಕೂಡ ಸ್ವಲ್ಪ ಕಡಿಮೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಮೆಲ್ಲಗೆ ನುಡಿಸುತ್ತಾ ಹೊಂದಿಸಿದ ಟೋನ್ ಜೋರು ಮಾಡಿದ ಕೂಡಲೇ ಹದ ತಪ್ಪುವುದು ಅದಕ್ಕೇ. ಈಗ ಹಾಲ್‌ಗೆ ಬೇಗ ಹೋಗಿ, ಡ್ರಮ್ಸ್ ಜೊತೆ ನುಡಿಸುವ ವಾಲ್ಯೂಮ್‌ನಲ್ಲೇ ಟೋನ್ ಕೂರಿಸುತ್ತೇನೆ. ಲೋ ಕಟ್ (ಇದಕ್ಕಿಂತ ಕೆಳಗಿನ ಬಾಸ್ ತಗ್ಗಿಸುವುದು) 90 ಹರ್ಟ್ಸ್, ಹೈ ಕಟ್ (ಇದಕ್ಕಿಂತ ಮೇಲಿನ ಟ್ರೆಬಲ್ ತಗ್ಗಿಸುವುದು) 6 ಕಿಲೋಹರ್ಟ್ಸ್. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಹೇಗೂ ಜಾಸ್ತಿ ಕೊಡುವುದಿಲ್ಲ ಅಲ್ವಾ? ಪಿಎ ಹಾಗಲ್ಲ, ಉಳಿದ ಕಿರುಚಲನ್ನೆಲ್ಲ ಎತ್ತಿ ಹೊರಗೆ ಹಾಕುತ್ತದೆ.

ಇನ್ನೊಂದು ಒಳ್ಳೆಯ ಸಲಹೆ: ಪ್ರೀಸೆಟ್ (ಸೇವ್ ಮಾಡಿಟ್ಟ ಟೋನ್) ಮುಟ್ಟಬೇಡ, ಹಾಲ್‌ಗೆ ತಕ್ಕ ಹಾಗೆ ಗ್ಲೋಬಲ್ ಇಕ್ಯೂ (ಎಲ್ಲ ಟೋನ್‌ಗೂ ಒಟ್ಟಿಗೆ ಅನ್ವಯಿಸುವ ಬಾಸ್-ಟ್ರೆಬಲ್ ಹೊಂದಾಣಿಕೆ) ಮಾತ್ರ ತಿರುಗಿಸು ಅಂತ. ಇದರಿಂದ ಮನೆಯಲ್ಲಿ ಮತ್ತೆ ಎಲ್ಲ ಸರಿ ಮಾಡುತ್ತಾ ಕೂರುವುದು ತಪ್ಪಿತು. ಮೊನ್ನೆ ವಾಲಗದ ಧಾಟಿ ನುಡಿಸುವಾಗ ಕ್ಲೀನ್ ಟೋನ್‌ನಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿತು. ತುಂಬಾ ಖುಷಿಯಾಯಿತು.

ಇನ್-ಇಯರ್ ಮಾನಿಟರ್ (ವೇದಿಕೆಯಲ್ಲಿ ನಮ್ಮ ಸದ್ದು ಕೇಳಲು ಕಿವಿಯೊಳಗೆ ಹಾಕುವ ಇಯರ್‌ಫೋನ್) ಇನ್ನೂ ಹಾಕಿ ನೋಡಿಲ್ಲ. ಬಳಸುವವರು ಇದ್ದರೆ ಅದಕ್ಕೂ ಇದೇ ಕಟ್ ಸಾಕಾ, ಹೇಳಿ.