ಲಿಂಬಿ ಉಪ್ಪಿನಕಾಯಿ ಮಾಡಬೇಕು, ಸಿಪ್ಪೆಯನ್ನೂ ಬಿಸಾಡಬಾರದು: ಅನುಭವ ಇದ್ದವರು ಹೇಳ್ರಿ

ಕೇಳಿದವರು (ವಿಜಯಪುರ, ಸ್ವಸಹಾಯ ಸಂಘ):
ನಮ್ಮ ಸಂಘದ ಕೆಲವರು ಸೇರಿ ಲಿಂಬಿ ಉಪ್ಪಿನಕಾಯಿ, ಶರಬತ್ತು ಮಾಡಿ ಊರಲ್ಲೇ ಮಾರಬೇಕು ಅಂತಿದ್ದೇವೆ. ಮಾರ್ಕೆಟ್‌ನಲ್ಲಿ ಆರಿಸಿದ ಮೇಲೆ ಉಳಿಯುವ ಕಲೆ ಬಿದ್ದ, ಸಣ್ಣ ಕಾಯಿ ತಗೊಳ್ಳುವ ಯೋಚನೆ. ರಸ ಹಿಂಡಿದ ಸಿಪ್ಪೆಗೂ ಏನಾದರೂ ದಾರಿ ಬೇಕು. ಏನು ನೋಡಿಕೊಳ್ಳಬೇಕು?

ಇಂಡಿ ಕಡೆಯವರು, ಉಪ್ಪಿನಕಾಯಿ ಮಾಡುತ್ತೇವೆ:
ಅಕ್ಕಾ, ಮೊದಲು ಸೀಸನ್ ನೋಡ್ರಿ. ಬೇಸಿಗೆಯಲ್ಲಿ ಲಿಂಬಿ ರೇಟು ಏರಿದಾಗ ಕಲೆ ಬಿದ್ದ ಕಾಯಿಯನ್ನೂ ಯಾರೂ ಬಿಡುವುದಿಲ್ಲ. ಮಳೆಗಾಲದಲ್ಲಿ ಇಳಿಯುತ್ತದೆ. ನಾವು ಆಗಲೇ ತಂದು, ಹೋಳು ಮಾಡಿ, ಉಪ್ಪು ಬೆರೆಸಿ ಡ್ರಮ್ಮಿನಲ್ಲಿ ಇಟ್ಟುಬಿಡುತ್ತೇವೆ. ಖಾರ, ಮಸಾಲೆ ಹಾಕುವುದು ಆರ್ಡರ್ ಬಂದ ಮೇಲೆ. ಡ್ರಮ್ಮು ಮಾತ್ರ ಫುಡ್ ಗ್ರೇಡ್ ಇರಲಿ. ಕೆಮಿಕಲ್ ತುಂಬಿದ್ದ ಹಳೇ ಡ್ರಮ್ಮು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಮೇಲೆ ಕಲೆ ಇದ್ದರೆ ಚಿಂತೆ ಇಲ್ಲ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅಂಥದ್ದು ಸೇರಿದರೆ ಬೂಸ್ಟು ಬರುತ್ತದೆ. ಚೀಲದ ಲೆಕ್ಕದಲ್ಲಿ ಕಣ್ಣು ಮುಚ್ಚಿ ತರಬೇಡಿ, ಸುರಿದು ಆರಿಸಿಕೊಳ್ಳಲು ಬಿಡುವ ವ್ಯಾಪಾರಿಯನ್ನೇ ಹಿಡಿಯಿರಿ. ನಾಲ್ಕು ರೂಪಾಯಿ ಜಾಸ್ತಿ ಹೋದರೂ ಸರಿ.

ಇನ್ನೊಂದು. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತು, ಸಿಕ್ಕಿದೆ. ಹಾಗಂತ ಲೇಬಲ್ ಮೇಲೆ ಸುಮ್ನೆ ಆ ಹೆಸರು ಹಾಕುವಂತಿಲ್ಲ, ಅಧಿಕೃತ ಬಳಕೆದಾರರು ಅಂತ ನೋಂದಣಿ ಬೇಕು.

ವಿಜಯಪುರ, ಮನೆ ಹಿಂದೆ ಗೊಬ್ಬರ ಮಾಡುವವರು:
ಸಿಪ್ಪೆ ಅಂದ ಕೂಡಲೇ ಎಲ್ಲರೂ ಎರೆಗೊಬ್ಬರ ಅಂತಾರೆ. ಲಿಂಬಿ ಸಿಪ್ಪೆಯ ಹುಳಿ, ಎಣ್ಣೆ ಎರೆಹುಳುಗಳಿಗೆ ಆಗಿಬರುವುದಿಲ್ಲ. ಸಾದಾ ಗುಂಡಿಗೆ ಹಾಕಿ, ಅದೂ ಸಗಣಿ, ಒಣ ಎಲೆ ಜಾಸ್ತಿ ಬೆರೆಸಿ. ಉಪ್ಪು ತಾಗಿದ ಸಿಪ್ಪೆ ಗೊಬ್ಬರಕ್ಕೂ ಬೇಡ, ದನಕ್ಕೂ ಬೇಡ. ಆದ್ದರಿಂದ ಹಿಂಡುವ ಜಾಗದಲ್ಲೇ ಎರಡು ಬುಟ್ಟಿ ಇಡಿ. ಸಂಜೆ ಕೂತು ಬೇರೆ ಮಾಡುತ್ತೇವೆ ಅಂದರೆ ಆಗುವ ಕೆಲಸ ಅಲ್ಲ ಅದು.

ಇಂಡಿ ಕಡೆಯವರು:
ಗೊಬ್ಬರಕ್ಕೆ ಯಾಕೆ ಹಾಕ್ತೀರಿ? ಒಳ್ಳೆ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿದರೆ ಪಾತ್ರೆ ತೊಳೆಯಲು ಬರುತ್ತದೆ. ತೆಳ್ಳಗೆ ಹರಡಿ, ರಾಶಿ ಹಾಕಿದರೆ ಒಳಗೇ ಬೂಸ್ಟು ಹಿಡಿಯುತ್ತದೆ.

ವಿಜಯಪುರ, ಗೊಬ್ಬರದವರು:
ಮಳೆಗಾಲದಲ್ಲಿ ಕಾಯಿ ಅಗ್ಗ ಅಂದವರು ನೀವೇ ಅಲ್ವಾ? ಮೋಡ ಮುಚ್ಚಿದಾಗ ಎಲ್ಲಿ ಒಣಗಿಸುತ್ತೀರಿ?

ಬೆಳಗಾವಿ, ಕಬ್ಬಿನ ಹಾಲಿನ ಅಂಗಡಿ:
ನಮ್ಮ ಕಬ್ಬಿನ ಸಿಪ್ಪೆ ಎಮ್ಮೆ ಕಟ್ಟಿದವರು ಒಯ್ಯುತ್ತಾರೆ. ದುಡ್ಡು ಕೇಳುವುದಿಲ್ಲ, ದಿನಾ ತಪ್ಪದೆ ಬಂದರೆ ಸಾಕು. ಒಬ್ಬರನ್ನೇ ನಂಬಬೇಡಿ, ಇಬ್ಬರಿಗೆ ಹೇಳಿಟ್ಟಿರಿ.

ಬಾಗಲಕೋಟೆ, ಸಂಘದ ಲೆಕ್ಕ ಬರೆಯುವವರು:
ಸಣ್ಣ ಆಹಾರ ತಯಾರಿಕೆ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ಶುರುಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ವಿಜಯಪುರ ಜಿಲ್ಲೆಗೆ ಆರಿಸಿದ ಬೆಳೆ ಲಿಂಬೆಯೇ. ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳ (ಕೆಲಸ ನಡೆಸಲು ಕೊಡುವ ಆರಂಭದ ಹಣ) ಇತ್ತು, ಮಷಿನ್‌ಗೆ ಸಾಲ ಮಾಡಿದರೆ ಸಬ್ಸಿಡಿಯೂ ಇತ್ತು. ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿ. ಸಬ್ಸಿಡಿ ನಂಬಿ ಮಷಿನ್ ತರಬೇಡಿ, ಗಿರಾಕಿ ಸಿಕ್ಕ ಮೇಲೆ ತನ್ನಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮೊದಲ ದಿನದಿಂದಲೇ ಬೇಕು.

ವಿಜಯಪುರ, ಖಾನಾವಳಿ:
ಗಿರಾಕಿ ಅಂದರೆ ನಮ್ಮಂಥವರೇ ರೀ. ರೊಟ್ಟಿ ಊಟಕ್ಕೆ ದಿನಾ ಉಪ್ಪಿನಕಾಯಿ ಬೇಕು. ನಮಗೆ ಸಣ್ಣ ಬಾಟ್ಲಿ, ಬಣ್ಣದ ಲೇಬಲ್ ಬೇಡ. ದೊಡ್ಡ ಭರಣಿಯಲ್ಲಿ ಕೊಡಿ, ಹೊಸದು ತಂದಾಗ ಖಾಲಿ ಭರಣಿ ವಾಪಸ್ ಒಯ್ಯಿರಿ. ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೇ ತುಂಬಿ, ಹನಿ ನೀರು ಇದ್ದರೂ ಕೆಡುತ್ತದೆ. ಖಾರ ಸ್ವಲ್ಪ ಕಡಿಮೆ ಹಾಕಿ, ಪಲ್ಯ ಮೊದಲೇ ಖಾರ ಇರುತ್ತದೆ. ಸ್ಯಾಂಪಲ್ ತರುವುದಾದರೆ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಅದಕ್ಕೂ ಮೊದಲು ಮಾತಾಡಲು ಪುರಸೊತ್ತು ಇರುವುದಿಲ್ಲ.