ಸ್ವಂತ ಸರ್ವರಲ್ಲಿ ತಂಡ ಸಮ ಮಾಡೋದು ಹೇಗೆ?

ಕೇಳಿದವರು, ಕುವೆಂಪುನಗರ, ಮೈಸೂರು:
ಮೈಸೂರು, ಮಂಡ್ಯ ಸೇರಿ ಹದಿನೆಂಟು ಜನ ಕೌಂಟರ್-ಸ್ಟ್ರೈಕ್ 2 ಅನ್ನೋ ಐದಕ್ಕೆ ಐದರ ಗುಂಡಿನಾಟ ಆಡ್ತೀವಿ. ಆಟವೇ ಎದುರಾಳಿಗಳನ್ನ ಹುಡುಕಿಕೊಡೋ ಮ್ಯಾಚ್‌ಮೇಕಿಂಗ್‌ಗೆ ಹೋದ್ರೆ ಐದೈದು ಜನ ಚದುರಿ ಹೋಗ್ತೀವಿ. ಆಟಕ್ಕೆ ಅಂತಲೇ ಇಟ್ಟ ಸ್ವಂತ ಡೆಡಿಕೇಟೆಡ್ ಸರ್ವರಲ್ಲಿ ಪಳಗಿದವರೆಲ್ಲ ಒಂದೇ ಕಡೆ ಸೇರ್ಕೊಂಡು, ಹೊಸಬರು 13–2 ಸುತ್ತುಗಳಿಂದ ಸೋತು ಎದ್ದು ಹೋಗ್ತಾರೆ. ಮ್ಯಾಚ್‌ಮೇಕಿಂಗ್, ಸ್ವಂತ ಸರ್ವರ್ ಎರಡನ್ನೂ ತೂಗಿಸ್ಕೊಂಡು ಹೋಗೋಕೆ ದಾರಿ ಹೇಳಿ.

ವಿದ್ಯಾನಗರ, ಮಂಡ್ಯ:
ಸರ್ವರ್ ಎಲ್ಲಿಡ್ತೀರಿ ಅನ್ನೋದು ಮೊದಲು ಇತ್ಯರ್ಥ ಆಗಲಿ. ಮನೇಲಿ ಇಡೋ ಯೋಚನೆ ಇದ್ರೆ ರೌಟರ್ ಪುಟ ತೆರೆದು ವ್ಯಾನ್ ಐಪಿ (ಇಂಟರ್ನೆಟ್‌ನವರು ರೌಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ರೆ ನಿಮ್ಮ ಇಂಟರ್ನೆಟ್‌ನವರು ಒಂದೇ ಪಬ್ಲಿಕ್ ಐಪಿಯನ್ನ ಹಲವು ಮನೆಗಳಿಗೆ ಹಂಚಿದ್ದಾರೆ ಅಂತ. ಆಗ ರೌಟರಲ್ಲಿ ಹೊರಗಿನವರಿಗೆ ದಾರಿ ತೆರೆಯೋ ಪೋರ್ಟ್ ಫಾರ್ವರ್ಡ್ ಎಷ್ಟು ಸಲ ಮಾಡಿದ್ರೂ ಹೊರಗಿನವರು ಒಳಗೆ ಬರೋಕಾಗಲ್ಲ ಕಣ್ರೀ. ನಿಮಗೊಬ್ಬರಿಗೇ ಸೇರಿದ, ಬದಲಾಗದ ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲ ಮುಂಬೈನಲ್ಲಿ ಬಾಡಿಗೆ ಸರ್ವರ್ ತಗೊಳ್ಳಿ. ಸಿಂಗಪುರದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತೆ. ಇಲ್ಲಿಂದ ಅಲ್ಲಿಗೆ 3,000 ಕಿ.ಮೀ. ಮೇಲಿದೆ, ಹೋಗಿಬರೋಕೇ 30 ಮಿಲಿಸೆಕೆಂಡ್ ದಾಟುತ್ತೆ. ಕೇಬಲ್ ಬಳಸಿಕೊಂಡು ಹೋಗೋದ್ರಿಂದ ನಿಜವಾದ ಪಿಂಗ್, ಅಂದ್ರೆ ಹೋಗಿಬರೋ ಸಮಯ, ಇನ್ನೂ ಜಾಸ್ತಿ.

ಸರ್ವರ್ ಇಳಿಸೋ ಸಾಧನ ಸ್ಟೀಮ್‌ಸಿಎಂಡಿಯಲ್ಲಿ ಆ್ಯಪ್ ನಂಬರ್ 730 ಇಳಿಸ್ಕೊಳ್ಳಿ, ಸ್ಟೀಮ್ ಕೊಡೋ ಗುರುತಿನ ಕೋಡ್ ಆದ ಸರ್ವರ್ ಟೋಕನ್ ಹಾಕಿ, ಯುಡಿಪಿ ಪೋರ್ಟ್ 27015 ತೆರೆದಿಡಿ. ಆಟ ಮಾಡಿದ ಕಂಪನಿ ವಾಲ್ವ್ ಅಪ್‌ಡೇಟ್ ಬಿಟ್ಟ ದಿನ ಸರ್ವರ್ ಹಳೇದೇ ಇದ್ರೆ ಯಾರೂ ಸೇರೋಕಾಗಲ್ಲ. ಆಟಕ್ಕೆ ಒಂದು ಗಂಟೆ ಮುಂಚೆ ಅಪ್‌ಡೇಟ್ ಮಾಡಿ ಒಂದ್ಸಲ ಒಳಗೆ ಹೋಗಿ ನೋಡಿಬಿಡಿ. ಸರ್ವರಿಗೆ ಸೇರಿಸಿದ ಹೊರಗಿನ ಪ್ಲಗಿನ್‌ಗಳು ಕೆಡೋದೂ ಅವತ್ತೇ. ಸರ್ವರ್ ಏಳದೇ ಇದ್ರೆ ಮೊದಲು ಅವನ್ನ ತೆಗೆದು ನೋಡಿ.

ಸರಸ್ವತಿಪುರಂ, ಮೈಸೂರು:
ತಂಡ ಸಮ ಮಾಡೋದನ್ನ ಸರ್ವರಿಗೆ ಬಿಡಬೇಡಿ. ಸರ್ವರಿನ ಆಟೋ ಟೀಮ್ ಬ್ಯಾಲೆನ್ಸ್ ಸೆಟ್ಟಿಂಗ್ ತಲೆ ಎಣಿಸುತ್ತೆ, ಕೈಚಳಕ ಎಣಿಸಲ್ಲ. ಐದಕ್ಕೆ ಐದು ಆಟದಲ್ಲಿ ಅದನ್ನ 0 ಮಾಡಿ, ಒಂದು ಶೀಟಿನಲ್ಲಿ ಈಲೋ ಅಂಕ (ಗೆದ್ರೆ ಏರೋ, ಸೋತ್ರೆ ಇಳಿಯೋ ಬಲದ ಅಂಕ) ಇಡಿ.

ಮ್ಯಾಚ್‌ಮೇಕಿಂಗ್‌ನ ಪ್ರೀಮಿಯರ್ ವಿಧಾನದಲ್ಲಿ 10 ಗೆಲುವಾದ್ರೆ ರೇಟಿಂಗ್ ಬರುತ್ತಲ್ಲ, ಆ ಕ್ರಮದಲ್ಲೇ ರೇಟಿಂಗ್ ಇರೋರನ್ನ 900ರಿಂದ 1,200ರವರೆಗೆ ಹರಡಿ. ಮ್ಯಾಚ್‌ಮೇಕಿಂಗ್ ನಿಮಗೆ ಉಪಯೋಗಕ್ಕೆ ಬರೋದು ಇಲ್ಲೇ. ರೇಟಿಂಗ್ ಇಲ್ಲದವರಿಗೆ 1,000. ಒಂದು ಆಟಕ್ಕೆ ಅಂಕ ಎಷ್ಟು ಬದಲಾಗಬಹುದು ಅನ್ನೋ ಕೆ ಬೆಲೆ ಮೊದಲ ಹತ್ತು ಆಟಕ್ಕೆ 32, ಆಮೇಲೆ 16. ಹತ್ತು ಜನರನ್ನ ಅಂಕದ ಪ್ರಕಾರ ಸಾಲಾಗಿ ಬರೆದು 1, 4, 5, 8, 9 ಒಂದು ಕಡೆ, 2, 3, 6, 7, 10 ಇನ್ನೊಂದು ಕಡೆ ಹಾಕಿ. ಸರಾಸರಿ ವ್ಯತ್ಯಾಸ 200 ಇದ್ರೆ ಬಲವಾದ ತಂಡ ನಾಲ್ಕರಲ್ಲಿ ಮೂರು ಆಟ ಗೆಲ್ಲುತ್ತೆ, 50 ಇದ್ರೆ ನೂರಕ್ಕೆ 57. ಐವತ್ತರ ಒಳಗೆ ಬರೋವರೆಗೂ ಒಬ್ಬಿಬ್ಬರನ್ನ ಅದಲು ಬದಲು ಮಾಡಿ.

ಎರಡು ಕಡೆ ಎಡವ್ತಾರೆ. ಅದೇ ಐವರು ಯಾವಾಗಲೂ ಜೊತೆಗೇ ಆಡಿದ್ರೆ ಎಲ್ಲರ ಅಂಕ ಒಟ್ಟಿಗೇ ಏರುತ್ತೆ, ಇಳಿಯುತ್ತೆ. ಯಾರು ಎಷ್ಟು ಗಟ್ಟಿ ಅಂತ ಗೊತ್ತೇ ಆಗಲ್ಲ. ಕಲಸ್ತಾ ಇರಿ. ಇನ್ನೊಂದು, ಕಿಲ್ (ಎಷ್ಟು ಎದುರಾಳಿಗಳನ್ನ ಹೊಡೆದ್ರು) ಲೆಕ್ಕಕ್ಕೆ ಅಂಕ ಕೊಡಬೇಡಿ. ಕೊಟ್ರೆ ತಂಡದ ಗೆಲುವಿಗೆ ಬೇಕಾದ ಬಾಂಬ್ ಇಡೋಕೆ ಯಾರೂ ಮುಂದೆ ಬರಲ್ಲ.

ಅಶೋಕನಗರ, ಮಂಡ್ಯ:
ವಾರವೆಲ್ಲ ಬೀಗ ಹಾಕ್ಕೊಂಡು ನಿಮ್ಮ ಸರ್ವರಲ್ಲೇ ಕೂರಬೇಡಿ. 2016ರ ಜುಲೈನಲ್ಲಿ ವಾಲ್ವ್‌ನ ಇನ್ನೊಂದು ಆಟ ಟೀಮ್ ಫೋರ್ಟ್ರೆಸ್ 2, ಆಟಗಾರರನ್ನ ತೆರೆದ ಸರ್ವರಿಗೆ ಕಳಿಸೋ ಕ್ವಿಕ್‌ಪ್ಲೇ ತೆಗೆದು ಮ್ಯಾಚ್‌ಮೇಕಿಂಗ್ ತಂದಾಗ ಸಮುದಾಯದ ಸರ್ವರ್‌ಗಳಿಗೆ ಹೊಸಬರು ತಾವಾಗೇ ಬರೋ ದಾರಿ ಮುಚ್ಚಿತು. ನಿಮ್ಮ ಸರ್ವರ್‌ಗೂ ಹೊಸಬರು ಬೇಕು. ಎರಡು ದಿನ ಪಾಸ್‌ವರ್ಡ್ ಹಾಕಿ, ಉಳಿದ ದಿನ ಮ್ಯಾಚ್‌ಮೇಕಿಂಗ್ ಆಡಿ, ಅಲ್ಲಿ ಹೊಂದಿಕೊಂಡವರನ್ನ ಕರೀರಿ. ಮ್ಯಾಚ್‌ಮೇಕಿಂಗ್‌ನ ಗರಿಷ್ಠ ಪಿಂಗ್ ಸೆಟ್ಟಿಂಗ್ ತೀರಾ ಇಳಿಸಿದ್ರೆ ಮಧ್ಯರಾತ್ರಿ ಕಾಯೋದೇ ಆಗುತ್ತೆ. 80 ಇಟ್ಟು ಶುರು ಮಾಡಿ.

ಕೇಳಿದವರು:
ಹತ್ತು ಜನ ಆಡುವಾಗ ಉಳಿದ ಎಂಟು ಜನ ಏನ್ಮಾಡೋದು?

ಸರಸ್ವತಿಪುರಂ:
ಅದೇ ಯಂತ್ರದಲ್ಲಿ ಇನ್ನೊಂದು ಸರ್ವರ್ ಎಬ್ಬಿಸಿ. ಪೋರ್ಟ್ 27016, ಟೋಕನ್ ಬೇರೆ. ಅಂಕದಲ್ಲಿ ಮೇಲಿನ ಹತ್ತು ಜನ ಒಂದರಲ್ಲಿ, ಕೆಳಗಿನ ಎಂಟು ಜನ ನಾಲ್ಕಕ್ಕೆ ನಾಲ್ಕು ಇನ್ನೊಂದರಲ್ಲಿ. 13–2 ಬಹುಪಾಲು ಇಷ್ಟಕ್ಕೇ ನಿಲ್ಲುತ್ತೆ. ಆಡದವರು ಆಟ ನೋಡೋಕಿರೋ ಜಿಒಟಿವಿ ಚಾಲೂ ಇಟ್ಟಿದ್ರೆ ಅದರ ಪೋರ್ಟೂ ಬೇರೆ ಕೊಡಿ, ಇಲ್ಲಾಂದ್ರೆ ಎರಡೂ ಒಂದೇ ಪೋರ್ಟಿಗೆ ಕೈ ಹಾಕ್ತವೆ.